ಸಿಯೆರ್ವಾನ ಬೆತ್ತ ಮತ್ತು ಮೂರು ರೋಟರ್ ಹಬ್‌ಗಳು

ಮೇಜಿನ ಮೇಲೆ ಮೂರು ರೋಟರ್ ಹಬ್ ಇವೆ, ಅಂದರೆ ತಿರುಗುವ ಬ್ಲೇಡ್‌ಗಳ ಬುಡ ಬಂದು ಸೇರುವ ನಡುಭಾಗ. ಮೂರಕ್ಕೂ ಕೂರುವ ಬ್ಲೇಡ್‌ಗಳ ಅಳತೆ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಬ್ಲೇಡನ್ನು ಅಲ್ಯೂಮಿನಿಯಂ ಪ್ಲೇಟಿಗೆ ಅಲುಗಾಡದಂತೆ ಬೋಲ್ಟ್ ಮಾಡಿದ್ದೇನೆ. ಎರಡನೆಯದರಲ್ಲಿ ಬ್ಲೇಡಿನ ಬುಡಕ್ಕೆ ಬೆತ್ತದ ಕಡ್ಡಿ ಹಾಕಿದ್ದೇನೆ. ಮೂರನೆಯದರಲ್ಲಿ ಪುಟ್ಟ ನೈಲಾನ್ ಹಿಂಜ್ ಇದೆ, ಬಾಗಿಲಿಗೆ ಇರುವಂಥ ಕೀಲು. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ 1920ರಿಂದ 1923ರವರೆಗೆ ಒದ್ದಾಡಿದ್ದೆಲ್ಲ ಈ ಮೂರು ಹಬ್‌ಗಳ ನಡುವೆಯೇ. ಅವನ ಆಟೋಜೈರೊವನ್ನು ಸಣ್ಣದಾಗಿ ಕಟ್ಟಿ ಹಾರಿಸಬೇಕು ಅನ್ನುವುದು ನನ್ನ ಆಸೆ. ಆದರೆ ನೇರವಾಗಿ ಹಾರುವುದನ್ನೇ ಕಟ್ಟಿಬಿಟ್ಟರೆ ಮಜಾ ಏನು? ಅವನದು ಯಾಕೆ ಮಗುಚುತ್ತಿತ್ತು ಅಂತ ಮೊದಲು ಕೈಯಲ್ಲಿ ಹಿಡಿದು ನೋಡಬೇಕಿತ್ತು.

ಆಟೋಜೈರೊ ಗೊತ್ತಿಲ್ಲದವರಿಗೆ ಎರಡು ಮಾತು. ನೋಡೋಕೆ ಹೆಲಿಕಾಪ್ಟರ್ ಥರ ಇದ್ದರೂ ಇದರ ಮೇಲಿನ ರೋಟರಿಗೆ ಎಂಜಿನ್ನಿನ ಸಂಪರ್ಕ ಇಲ್ಲ. ಎಂಜಿನ್ ಇರುವುದು ಮೂತಿಯ ಪ್ರೊಪೆಲರಿಗೆ. ಅದು ವಿಮಾನವನ್ನು ಮುಂದಕ್ಕೆ ಎಳೆಯುತ್ತದೆ. ರೋಟರ್ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಗಾಳಿ ಕೆಳಗಿನಿಂದ ಅದರೊಳಗೆ ನುಗ್ಗಿ ಅದನ್ನು ತಿರುಗಿಸುತ್ತದೆ. ತಿರುಗುವ ಬ್ಲೇಡೇ ರೆಕ್ಕೆ. ಹೆಲಿಕಾಪ್ಟರಿನಲ್ಲಿ ಗಾಳಿ ಮೇಲಿನಿಂದ ಕೆಳಗೆ ಹೋಗುತ್ತದೆ, ಇಲ್ಲಿ ಉಲ್ಟಾ.

ಸಿಯೆರ್ವಾ ಈ ದಾರಿ ಹಿಡಿದಿದ್ದಕ್ಕೆ ಒಂದು ಅಪಘಾತ ಕಾರಣ. ಸೈನ್ಯದ ಸ್ಪರ್ಧೆಗೆ ಅಂತ ಅವನು ಮೂರು ಎಂಜಿನ್ನಿನ ದೊಡ್ಡ ಬಾಂಬರ್ ವಿಮಾನ ಕಟ್ಟಿದ್ದ. 1919ರಲ್ಲಿ ಅದು ಕಡಿಮೆ ಎತ್ತರದಲ್ಲಿ ವೇಗ ಕಳೆದುಕೊಂಡು ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ತಪ್ಪಿ, ಬಿತ್ತು. ಪೈಲಟ್ ಬದುಕಿದ, ವಿಮಾನ ಪುಡಿಯಾಯಿತು. ವಿಮಾನ ನಿಧಾನವಾದರೂ ರೆಕ್ಕೆ ನಿಧಾನವಾಗಬಾರದು ಅನ್ನುವ ಯೋಚನೆ ಅವನ ತಲೆಗೆ ಹೊಕ್ಕಿದ್ದು ಆಗ. ರೆಕ್ಕೆ ತಾನೇ ತಿರುಗುತ್ತಿದ್ದರೆ ಅದಕ್ಕೆ ಯಾವಾಗಲೂ ಗಾಳಿ ಸಿಗುತ್ತದೆ, ಅಲ್ವಾ?

ಆದರೆ ತಿರುಗುವ ರೆಕ್ಕೆಗೆ ಬೇರೆ ತಂಟೆ ಇದೆ. ಮುಂದಕ್ಕೆ ಹೋಗುವಾಗ ಒಂದು ಪಕ್ಕದ ಬ್ಲೇಡು ಗಾಳಿಗೆ ಎದುರಾಗಿ ಬರುತ್ತದೆ, ಇನ್ನೊಂದು ಪಕ್ಕದ್ದು ಗಾಳಿಯ ಜೊತೆ ಹಿಂದಕ್ಕೆ ಹೋಗುತ್ತದೆ. ಎದುರಾಗುವ ಬ್ಲೇಡಿಗೆ ಗಾಳಿಯ ವೇಗ ಜಾಸ್ತಿ, ಹಾಗಾಗಿ ಲಿಫ್ಟೂ, ಅಂದರೆ ಮೇಲಕ್ಕೆತ್ತುವ ಬಲವೂ, ಜಾಸ್ತಿ. ವಿಮಾನ ಪಕ್ಕಕ್ಕೆ ಮಗುಚುತ್ತದೆ. ಇದು ಸಿಯೆರ್ವಾನಿಗೆ ಮೊದಲೇ ಗೊತ್ತಿತ್ತು. 1920ರ ತನ್ನ ಮೊದಲ ಆಟೋಜೈರೊ ಸಿ.1ರಲ್ಲಿ ಒಂದು ಹಳೆಯ ಡೆಪರ್ಡುಸಾಂ ವಿಮಾನದ ಬಾಡಿ ತೆಗೆದುಕೊಂಡು, ಒಂದರ ಮೇಲೊಂದು ಎರಡು ರೋಟರ್ ಇಟ್ಟ. ಎರಡೂ ವಿರುದ್ಧ ದಿಕ್ಕಿಗೆ ತಿರುಗಿದರೆ ಲೆಕ್ಕ ಸರಿಹೋಗಬೇಕು. ಹೋಗಲಿಲ್ಲ. ಒಂದು ರೋಟರ್ ಇನ್ನೊಂದರ ಗಾಳಿ ಕೆಡಿಸಿತು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಿದವು. ನೆಲದ ಮೇಲೆ ಓಡಿತೇ ಹೊರತು ಹಾರಲಿಲ್ಲ. ಆಮೇಲಿನ ಸಿ.2, ಸಿ.3ರಲ್ಲಿ ಒಂದೇ ರೋಟರ್. ಅವೂ ಪಕ್ಕಕ್ಕೆ ವಾಲಿದವು, ಬಿದ್ದವು, ರಿಪೇರಿಯಾದವು, ಮತ್ತೆ ಬಿದ್ದವು.

ಇಷ್ಟರ ನಡುವೆ ಒಂದು ವಿಚಿತ್ರ. ರಬ್ಬರ್ ಸುತ್ತಿ ಬಿಡುವ ಪುಟ್ಟ ಮಾಡೆಲ್ ಒಂದನ್ನು ಅವನು ಮಾಡಿದ್ದ. ಅದು ಮಾತ್ರ ನೆಟ್ಟಗೆ ಹಾರುತ್ತಿತ್ತು! ಲೆಕ್ಕ ಒಂದೇ, ಆಕಾರ ಒಂದೇ. ಸಣ್ಣದು ಹಾರುತ್ತದೆ, ದೊಡ್ಡದು ಮಗುಚುತ್ತದೆ. ಕಾರಣ ಸಿಕ್ಕಿದ್ದು 1922ರಲ್ಲಿ. ಮಾಡೆಲ್ಲಿನ ಬ್ಲೇಡಿಗೆ ಒಳಗಡ್ಡಿಯಾಗಿ ಹಾಕಿದ್ದು ಬೆತ್ತ. ಬೆತ್ತ ಬಾಗುತ್ತದೆ. ದೊಡ್ಡ ವಿಮಾನದ ಬ್ಲೇಡು ಗಟ್ಟಿ, ಬಾಗುವುದಿಲ್ಲ. ಒಪೆರಾ ನೋಡುತ್ತಾ ಕೂತಿದ್ದಾಗ ಅವನಿಗೆ ಬ್ಲೇಡಿನ ಬುಡಕ್ಕೆ ಹಿಂಜ್ ಹಾಕುವ ಪರಿಹಾರ ಹೊಳೆಯಿತು ಅಂತ ಒಂದು ಕಥೆ ಓಡಾಡುತ್ತದೆ. ನನಗೆ ಒಪೆರಾಕ್ಕಿಂತ ಬೆತ್ತದ ಮೇಲೆ ನಂಬಿಕೆ ಜಾಸ್ತಿ.

ಫ್ಯಾನಿನ ಮುಂದೆ

ಸಿಯೆರ್ವಾನಿಗೆ ಮ್ಯಾಡ್ರಿಡ್ ಪಕ್ಕದ ಕ್ವಾತ್ರೊ ವಿಯೆಂತೋಸ್‌ನಲ್ಲಿ ಸೈನ್ಯದ ಗಾಳಿ ಸುರಂಗ ಸಿಕ್ಕಿತ್ತು. ಎಮಿಲಿಯೊ ಎರೆರಾ ನಡೆಸುತ್ತಿದ್ದ ಪ್ರಯೋಗಾಲಯ ಅದು. ನನಗೆ ಸಿಕ್ಕಿದ್ದು ಮದುವೆ ಛತ್ರದಲ್ಲಿ ಇಡುವಂಥ ದೊಡ್ಡ ಪೆಡೆಸ್ಟಲ್ ಫ್ಯಾನು. ಫ್ಯಾನಿನ ಗಾಳಿ ಸುತ್ತಿಕೊಂಡು ಬರುತ್ತದೆ, ಹಾಗೇ ಬಿಟ್ಟರೆ ಅಳತೆಗೆ ಬಾರದು. ಅದಕ್ಕೆ ಒಂದು ಇಂಚಿನ ಪಿವಿಸಿ ಪೈಪನ್ನು ಅಂಗೈಯಗಲದ ತುಂಡು ಮಾಡಿ, ಜೇನುಗೂಡಿನಂತೆ ಅಂಟಿಸಿ, ಫ್ಯಾನಿನ ಮುಂದೆ ನಿಲ್ಲಿಸಿದೆ. ಆಚೆ ಬದಿಗೆ ಹೊಲಿಗೆ ದಾರದ ತುಂಡುಗಳನ್ನು ಕಟ್ಟಿ ನೋಡಿದರೆ ಅವು ನೇರವಾಗಿ ನಿಂತವು. ಅಷ್ಟು ಸಾಕು.

ರೋಟರ್ 45 ಸೆಂಟಿಮೀಟರ್ ವ್ಯಾಸ, ಮೂರು ಬ್ಲೇಡು. 2 ಮಿಲಿಮೀಟರ್ ಬಾಲ್ಸಾ ಅನ್ನುವ ಹಗುರ ಮರದ ಹಾಳೆಯನ್ನು ನೀರಲ್ಲಿ ನೆನೆಸಿ, ಪೈಪಿನ ಮೇಲೆ ಕಟ್ಟಿ ಒಣಗಿಸಿದರೆ ಸಣ್ಣ ಬಾಗು ಬರುತ್ತದೆ. ಮಧ್ಯದ ಕಂಬದ ಬುಡಕ್ಕೆ ಸೈಕಲ್ ಸ್ಪೋಕನ್ನು ಅಡ್ಡ ತೂರಿಸಿ ಕೀಲು ಮಾಡಿದೆ. ಈಗ ಕಂಬ ಎಡಕ್ಕೆ ಬಲಕ್ಕೆ ಮಾತ್ರ ವಾಲಬಹುದು. ಕೀಲಿನಿಂದ 10 ಸೆಂಟಿಮೀಟರ್ ದೂರಕ್ಕೆ ಒಂದು ತೋಳು, ತೋಳಿನ ತುದಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ. ರೋಟರ್ ಮಗುಚಲು ನೋಡಿದರೆ ತಕ್ಕಡಿ ಹೇಳುತ್ತದೆ.

ಪಿಚ್, ಅಂದರೆ ಬ್ಲೇಡನ್ನು ಓರೆಯಾಗಿ ಕೂರಿಸುವ ಕೋನ, ಅದರ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಹೊಸಬರೆಲ್ಲ ನಿಲ್ಲುವುದು ಇಲ್ಲೇ. ಬ್ಲೇಡಿನ ಮುಂದಿನ ಅಂಚನ್ನು ಮೇಲಕ್ಕೆತ್ತಿದರೆ ಲಿಫ್ಟ್ ಜಾಸ್ತಿ ಬರುತ್ತದೆ ಅಂತ ಮನಸ್ಸು ಹೇಳುತ್ತದೆ. ಆಟೋಜೈರೊದಲ್ಲಿ ಹಾಗೆ ಮಾಡಿದರೆ ರೋಟರ್ ನಿಧಾನವಾಗಿ ನಿಂತೇ ಹೋಗುತ್ತದೆ, ಅಥವಾ ಉಲ್ಟಾ ತಿರುಗುತ್ತದೆ. ಪಿಚ್ ಸೊನ್ನೆಯ ಹತ್ತಿರ ಇರಬೇಕು. ಇಂಥ ಬಾಗಿದ ಬ್ಲೇಡಿಗಂತೂ ಮುಂದಿನ ಅಂಚು ಎರಡು ಮೂರು ಡಿಗ್ರಿ ಕೆಳಗೇ ಇರಬೇಕು. ಕೆಳಗಿನಿಂದ ಬರುವ ಗಾಳಿಯಲ್ಲಿ ಬ್ಲೇಡಿನ ಲಿಫ್ಟು ತುಸು ಮುಂದಕ್ಕೆ ವಾಲಿರುತ್ತದೆ, ಆ ಮುಂದಿನ ಎಳೆತವೇ ರೋಟರನ್ನು ತಿರುಗಿಸುವುದು. ಇಡೀ ಬ್ಲೇಡು ಈ ಕೆಲಸ ಮಾಡುವುದಿಲ್ಲ. ನಡುಭಾಗ ಎಳೆಯುತ್ತದೆ, ತುದಿ ತಡೆಯುತ್ತದೆ, ಬುಡ ಸ್ಟಾಲ್ ಆಗಿ ಸುಮ್ನೆ ಜೊತೆಗೆ ಬರುತ್ತದೆ. ಈ ಎಳೆದಾಟ ಸರಿದೂಗುವ ವೇಗದಲ್ಲಿ ರೋಟರ್ ನೆಲೆ ನಿಲ್ಲುತ್ತದೆ. ಪಿಚ್ ಸರಿಮಾಡಲು ಹಳೆಯ ಎಟಿಎಂ ಕಾರ್ಡಿನ ಚೂರುಗಳನ್ನು ಬ್ಲೇಡಿನ ಬುಡಕ್ಕೆ ಬೆಣೆಯಾಗಿ ಇಟ್ಟಿದ್ದೇನೆ. ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ, ಇದಕ್ಕಿಂತ ಒಳ್ಳೆಯ ಬೆಣೆ ಸಿಗಲಾರದು.

ಮೊದಲು ಗಟ್ಟಿ ಹಬ್. ಫ್ಯಾನ್ ಹಾಕಿ, ಕೈಯಿಂದ ಒಂದು ತಳ್ಳು ಕೊಟ್ಟೆ. ಮೊದಮೊದಲು ಸೋಮಾರಿಯಾಗಿ ತಿರುಗಿತು. ಆಮೇಲೆ ಒಂದು ಹಂತ ದಾಟಿದ ಕೂಡಲೇ ತಾನೇ ವೇಗ ಹಿಡಿಯಿತು. ಸದ್ದೇ ಬದಲಾಗುತ್ತದೆ, ಬಡಿತ ಹೋಗಿ ಗುಂಯ್ ಅನ್ನುವ ಒಂದೇ ಸದ್ದು. ತಕ್ಕಡಿ 50 ಗ್ರಾಮಿನಿಂದ ಮೇಲೆ ಹೋಗಿ ಅಲ್ಲೇ ನಡುಗುತ್ತಾ ನಿಂತಿತು. ತಕ್ಕಡಿ ತೆಗೆದು ತೋಳನ್ನು ಬೆರಳಲ್ಲಿ ಹಿಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಯಾರೋ ಒಂದೇ ಪಕ್ಕಕ್ಕೆ ಬಿಡದೆ ಒತ್ತುತ್ತಿರುವ ಹಾಗೆ. ಫ್ಯಾನನ್ನು ಹತ್ತಿರ ತಂದರೆ ಒತ್ತಡ ಜಾಸ್ತಿ. ರೋಟರ್ ಚೆನ್ನಾಗಿ ತಿರುಗಿದಷ್ಟೂ ಮಗುಚುವ ಹಟವೂ ಜಾಸ್ತಿ. ಹುಲ್ಲಿನ ಮೈದಾನದಲ್ಲಿ ಸಿ.3 ವೇಗ ಹಿಡಿದಂತೆಲ್ಲ ಪೈಲಟ್ಟಿಗೆ ಏನಾಗುತ್ತಿತ್ತು ಅಂತ ಆ ಬೆರಳಿಗೆ ತಿಳಿಯಿತು.

ಬೆತ್ತದ ಹಬ್ ಹಾಕಿದರೆ ಒತ್ತಡ ಕಾಲುಭಾಗಕ್ಕಿಂತ ಕೆಳಗೆ ಬಂತು. ಹಿಂಜ್ ಹಾಕಿದರೆ ಐದಾರು ಗ್ರಾಂ. ಬೆರಳಿಗೆ ಹೆಚ್ಚುಕಡಿಮೆ ಏನೂ ತಾಗುವುದಿಲ್ಲ. ಬ್ಲೇಡಿಗೆ ಮೇಲೆ ಕೆಳಗೆ ಆಡುವ ಸ್ವಾತಂತ್ರ್ಯ ಕೊಟ್ಟರೆ ಅದು ಹಬ್ಬನ್ನು ತಿರುಚಲಾರದು, ಯಾಕಂದ್ರೆ ಹಿಂಜ್ ಮೂಲಕ ತಿರುಚುವ ಬಲ ದಾಟುವುದಿಲ್ಲ. ಎದುರಾಗುವ ಬ್ಲೇಡು ಮೇಲೇಳುತ್ತದೆ. ಮೇಲೇಳುವಾಗ ಅದಕ್ಕೆ ಗಾಳಿ ತಾಗುವ ಕೋನ ಕಡಿಮೆಯಾಗಿ ಲಿಫ್ಟ್ ಇಳಿಯುತ್ತದೆ. ಹಿಂದೆ ಸರಿಯುವ ಬ್ಲೇಡು ಕೆಳಗಿಳಿದು ಕೋನ ಹೆಚ್ಚಿಸಿಕೊಳ್ಳುತ್ತದೆ. ಎರಡೂ ಪಕ್ಕ ತಾವಾಗೇ ಸಮ. ಹಾಗಾದರೆ ಬ್ಲೇಡು ಮಡಚಿಕೊಂಡು ಮೇಲೆ ಹೋಗಿಬಿಡುವುದಿಲ್ಲವೇ? ಇಲ್ಲ. ತಿರುಗುವ ವೇಗದಲ್ಲಿ ಹೊರಕ್ಕೆ ಎಳೆಯುವ ಬಲ ಅದನ್ನು ನೆಟ್ಟಗೆ ಹಿಡಿದಿರುತ್ತದೆ.

ಇಲ್ಲಿ ಒಂದು ವಿಷಯ ನೋಡಲೇಬೇಕಾದ್ದು. ಒಂದು ಬ್ಲೇಡಿನ ತುದಿಗೆ ಕೆಂಪು ಟೇಪ್ ಹಚ್ಚಿ, ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆದೆ. ಎದುರಾಗುವ ಪಕ್ಕದಲ್ಲಿ ಲಿಫ್ಟ್ ಜಾಸ್ತಿ, ಹಾಗಾಗಿ ಕೆಂಪು ತುದಿ ಅಲ್ಲೇ ಎಲ್ಲಕ್ಕಿಂತ ಮೇಲಿರಬೇಕು ಅನ್ನಿಸುತ್ತದೆ. ಅಲ್ಲಿಲ್ಲ! ಅಲ್ಲಿ ಅದು ಜೋರಾಗಿ ಮೇಲೇಳುತ್ತಿರುತ್ತದೆ ಅಷ್ಟೆ. ತುತ್ತತುದಿ ಮುಟ್ಟುವುದು ಇನ್ನೂ ಕಾಲು ಸುತ್ತು ಹೋಗಿ ಮೂತಿಯ ಮೇಲೆ ಬಂದಾಗ. ಎಲ್ಲಕ್ಕಿಂತ ಕೆಳಗಿರುವುದು ಬಾಲದ ಮೇಲೆ. ಅಂದರೆ ಇಡೀ ರೋಟರ್ ಪಕ್ಕಕ್ಕೆ ವಾಲುವ ಬದಲು ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಯಾರಿಗೂ ತೊಂದರೆ ಇಲ್ಲ. ಮಾಡೆಲ್ ಕಟ್ಟುವವರಿಗೆ ಒಂದೇ ಎಚ್ಚರಿಕೆ: ಬಾಲ ಬ್ಲೇಡಿಗೆ ಸಿಗದಂತೆ ಕಂಬ ಎತ್ತರ ಇಡಿ.

ಹಾರುವ ಮಾಡೆಲ್

ಹಾರಿಸಲು ಆರಿಸಿಕೊಂಡದ್ದು ಸಿ.4ರ ಮಾದರಿ. ಹಿಂಜ್ ಇದ್ದ ಮೊದಲ ಆಟೋಜೈರೊ ಅದೇ. ನಾಲ್ಕು ಬ್ಲೇಡು. ನನ್ನ ರೋಟರ್ 96 ಸೆಂಟಿಮೀಟರ್, ಬ್ಲೇಡಿನ ಅಗಲ 4 ಸೆಂಟಿಮೀಟರ್, ಎಲ್ಲ ಸೇರಿ ತೂಕ 450 ಗ್ರಾಂ. ಈ ಲೆಕ್ಕಕ್ಕೆ ರೋಟರ್ ನಿಮಿಷಕ್ಕೆ 500 ಸುತ್ತಿನ ಆಸುಪಾಸು ತಿರುಗಬೇಕು. ಹಳೆಯ ಫೋಟೋ ನೋಡಿದರೆ ಸಿ.4 ಒಂದು ಮಾಮೂಲಿ ಮಾನೋಪ್ಲೇನಿನ ರೆಕ್ಕೆ ಕಿತ್ತು ಕಂಬ ನೆಟ್ಟಂತೆ ಕಾಣುತ್ತದೆ. ನಿಜಕ್ಕೂ ಅಷ್ಟೇ. ನಾನೂ ಒಂದು ಡೆಪ್ರಾನ್ ಫೋಮ್ ಬಾಡಿ, ಮೂತಿಗೆ ಬ್ರಶ್‌ಲೆಸ್ ಮೋಟರ್, 8 ಇಂಚಿನ ಪ್ರೊಪೆಲರ್, ಪೈನ್ ಪಟ್ಟಿಯ ನಾಲ್ಕು ಕಾಲಿನ ಕಂಬ ಅಂತ ಮುಗಿಸಿದೆ. ಬಾಡಿ ಬಗ್ಗೆ ಬರೆಯುವಂಥದ್ದು ಏನಿಲ್ಲ.

ಬ್ಲೇಡಿನ ಬಗ್ಗೆ ಇದೆ. ಮುಂದಿನ ಅಂಚಿಗೆ ಗಟ್ಟಿ ಮರದ ಪಟ್ಟಿ, ಹಿಂದೆ ಬಾಲ್ಸಾ. ತೂಕದ ಮಧ್ಯ ಮುಂದಿನ ಕಾಲುಭಾಗದ ಹತ್ತಿರ ಬರಲೇಬೇಕು. ಹಿಂದಕ್ಕೆ ಹೋದರೆ ಬ್ಲೇಡು ವೇಗದಲ್ಲಿ ಪಟಪಟ ಅಂತ ಒದರಿ ಮುರಿಯುತ್ತದೆ. ಚಾಕುವಿನ ಅಂಚಿನ ಮೇಲೆ ಅಡ್ಡ ಇಟ್ಟು ನೋಡಿ, ಬೇಕಾದಲ್ಲಿ ಮುಂದಿನ ಅಂಚಿಗೆ ಹಿತ್ತಾಳೆ ತಂತಿ ಹುದುಗಿಸಿದೆ. ಆಮೇಲೆ ನಾಲ್ಕನ್ನೂ ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿಟ್ಟು, ಹಗುರ ಇದ್ದವಕ್ಕೆ ತುದಿಯಲ್ಲಿ ಟೇಪ್ ಸೇರಿಸಿ ಸಮ ಮಾಡಿದೆ. ಬೇಜಾರಿನ ಕೆಲಸ. ಇದನ್ನು ಬಿಟ್ಟರೆ ಮಾತ್ರ ಕಂಬ ಕುಲುಕಾಡಿ ಅಂಟೆಲ್ಲ ಬಿಟ್ಟುಕೊಳ್ಳುತ್ತದೆ.

ಹಬ್ಬಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ 0.8 ಮಿಲಿಮೀಟರಿನ ಖಾಲಿ ಸರ್ಕ್ಯೂಟ್ ಬೋರ್ಡ್ ಬಳಸುವವರು ಬಹಳ ಜನ. ಗ್ಲಾಸ್ ಫೈಬರ್ ತಾನೇ ಬಾಗಿ ಹಿಂಜಿನ ಕೆಲಸ ಮಾಡುತ್ತದೆ. ಚೆನ್ನಾಗಿಯೂ ಮಾಡುತ್ತದೆ. ನನಗೆ ಸಿಯೆರ್ವಾನ ಹಾಗೆ ನಿಜವಾದ ಹಿಂಜೇ ಬೇಕಿತ್ತು. ಹಿತ್ತಾಳೆ ಕೊಳವೆ, ಅದರೊಳಗೆ 2 ಮಿಲಿಮೀಟರ್ ಉಕ್ಕಿನ ಪಿನ್. ನಿಜವಾದ ಹಿಂಜ್ ಹಾಕಿದರೆ ನಿಂತಾಗ ಬ್ಲೇಡು ಸೋತು ಕೆಳಗೆ ಜೋತು ಬಿದ್ದು ಪ್ರೊಪೆಲರಿಗೆ, ಬಾಲಕ್ಕೆ ತಾಗುತ್ತದೆ. ಅದಕ್ಕೆ ಕಂಬದ ನೆತ್ತಿಯಿಂದ ಪ್ರತಿ ಬ್ಲೇಡಿಗೂ ಮೀನಿನ ಗಾಳದ ನೈಲಾನ್ ದಾರ. ಸಿಯೆರ್ವಾನ ಯಂತ್ರಗಳ ಫೋಟೋದಲ್ಲಿ ಕಂಬದ ನೆತ್ತಿಯಿಂದ ಇಳಿಬಿದ್ದ ಕೇಬಲ್‌ಗಳು ಕಾಣುತ್ತವಲ್ಲ, ಅವು ಬ್ಲೇಡನ್ನು ನಿಂತಾಗ ಹಿಡಿದುಕೊಳ್ಳಲು. ಹಾರುವಾಗ ಅವಕ್ಕೆ ಕೆಲಸ ಇಲ್ಲ.

ಈ ಹಿಂಜಿಗೇ ಒಂದು ಬಾಲಂಗೋಚಿ ಕಥೆ ಇದೆ. ಬ್ಲೇಡು ಮೇಲೆ ಕೆಳಗೆ ಆಡುವಾಗ ಅದರ ತೂಕ ಕಂಬಕ್ಕೆ ಹತ್ತಿರ, ದೂರ ಆಗುತ್ತಿರುತ್ತದೆ. ಹತ್ತಿರ ಬಂದಾಗ ವೇಗ ಹೆಚ್ಚಿಸಿಕೊಳ್ಳಲು ನೋಡುತ್ತದೆ, ದೂರ ಹೋದಾಗ ಹಿಂದೆ ಬೀಳಲು ನೋಡುತ್ತದೆ. ಅಂದರೆ ಪ್ರತಿ ಸುತ್ತಿಗೂ ಬ್ಲೇಡಿನ ಬುಡವನ್ನು ಮುಂದೆ ಹಿಂದೆ ಬಗ್ಗಿಸುವ ಎಳೆದಾಟ. ಸಿಯೆರ್ವಾನ ಮೊದಲ ಹಿಂಜ್‌ಗಳಲ್ಲಿ ಈ ಆಟಕ್ಕೆ ಜಾಗ ಇರಲಿಲ್ಲ. 1927ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹ್ಯಾಂಬಲ್‌ನಲ್ಲಿ ಫ್ರ್ಯಾಂಕ್ ಕೋರ್ಟ್ನಿ ಹಾರಿಸುತ್ತಿದ್ದ ಸಿ.6ಸಿಯ ಬ್ಲೇಡು ಬುಡದಲ್ಲಿ ಮುರಿಯಿತು. ಕೆಳಗೆ ಬಂದರೂ ಪೈಲಟ್ ಉಳಿದ. ಅದಾದ ಮೇಲೆ ಮುಂದೆ ಹಿಂದೆ ಆಡಲು ಎರಡನೆಯ ಹಿಂಜ್ ಬಂತು. ಇವತ್ತಿಗೂ ಎಷ್ಟೋ ಹೆಲಿಕಾಪ್ಟರುಗಳ ಹಬ್ಬಿನಲ್ಲಿ ಈ ಎರಡೂ ಹಿಂಜ್‌ಗಳನ್ನು ನೋಡಬಹುದು. ನನ್ನ ಮಾಡೆಲ್ಲಿನಲ್ಲಿ ಎರಡನೆಯ ಹಿಂಜ್ ಅಂದರೆ ಒಂದೇ ಸ್ಕ್ರೂ. ಬ್ಲೇಡನ್ನು ಅಡ್ಡ ಹಿಡಿದು ಅಲ್ಲಾಡಿಸಿದರೆ ಜಾರಬೇಕು, ತಾನಾಗಿ ಜಾರಬಾರದು. ಅಷ್ಟು ಬಿಗಿ. ಇದೊಂದು ಸ್ಕ್ರೂ ಇರುವುದರಿಂದ ನೆಲಕ್ಕೆ ಬಡಿದಾಗಲೂ ಬ್ಲೇಡು ಮುರಿಯದೆ ಮಡಚಿಕೊಳ್ಳುತ್ತದೆ.

ಮೈದಾನದಲ್ಲಿ

ನಿಂತಿರುವ ರೋಟರನ್ನು ಇಟ್ಟುಕೊಂಡು ಓಡಿದರೆ ಆಟೋಜೈರೊ ಏಳುವುದಿಲ್ಲ. ಮೊದಲು ತಿರುಗಿಸಬೇಕು. ಸಿಯೆರ್ವಾನ ಕಾಲದಲ್ಲಿ ಬ್ಲೇಡುಗಳ ಅಡಿಯ ಗೂಟಗಳಿಗೆ ಹಗ್ಗ ಸುತ್ತಿ, ಜನ ಅದನ್ನು ಹಿಡಿದು ಓಡುತ್ತಿದ್ದರು. ಬುಗುರಿಗೆ ಚಾಟಿ ಸುತ್ತಿ ಎಳೆದ ಹಾಗೆಯೇ. ನಾನು ಹಬ್ಬಿನ ಕೆಳಗೆ ಒಂದು ಹೊಲಿಗೆ ದಾರದ ರೀಲು ಅಂಟಿಸಿ ದಾರ ಎಳೆದೆ. ಆಮೇಲೆ ಮಾಡೆಲ್ಲನ್ನು ತಲೆಯ ಮೇಲೆ ಹಿಡಿದು ಗಾಳಿಗೆ ಎದುರಾಗಿ ಓಡಿದರೆ ಉಳಿದ ವೇಗ ಬರುತ್ತದೆ. ಕೈಯಲ್ಲಿನ ತೂಕ ಹಗುರಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ತೂಕ ಇಳಿಯುವ ಮೊದಲು ಬಿಟ್ಟರೆ ಕಲ್ಲು ಬಿಟ್ಟ ಹಾಗೇ.

ಕೈಯಿಂದ ಬಿಟ್ಟಾಗ ಮೊದಲು ಸ್ವಲ್ಪ ಇಳಿಯಿತು, ರೋಟರಿನ ಸದ್ದು ಏರಿತು, ಆಮೇಲೆ ಮೂತಿ ಎತ್ತಿಕೊಂಡು ಹೊರಟಿತು. ನೆಟ್ಟಗೆ! ಪಕ್ಕಕ್ಕೆ ವಾಲುವ ಸೂಚನೆಯೇ ಇಲ್ಲ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಪಕ್ಕದ ಹೆತಾಫೆಯ ಮೈದಾನದಲ್ಲಿ ಪೈಲಟ್ ಅಲೆಹಾಂದ್ರೊ ಗೋಮೆಸ್ ಸ್ಪೆನ್ಸರ್ ಸಿ.4ನ್ನು ಎತ್ತಿದಾಗಲೂ ಅವರಿಗೆ ಬೇಕಿದ್ದದ್ದು ಇಷ್ಟೇ, ನೆಟ್ಟಗೆ ಹೋಗುವುದು. ತಿಂಗಳ ಕೊನೆಗೆ, 31ನೇ ತಾರೀಕು, ಅದೇ ಯಂತ್ರ ಕ್ವಾತ್ರೊ ವಿಯೆಂತೋಸ್‌ನಲ್ಲಿ 4 ಕಿಲೋಮೀಟರಿನ ಸುತ್ತು ಹೊಡೆದು ಹೊರಟಲ್ಲಿಗೇ ಬಂದಿಳಿಯಿತು.

ಆ ನಡುವೆ ನಡೆದದ್ದು ನನಗೆ ಇನ್ನೂ ದೊಡ್ಡದು ಅನ್ನಿಸುತ್ತದೆ. ಒಂದು ಹಾರಾಟದಲ್ಲಿ ಸಿ.4 ಮೂತಿ ಕಡಿದಾಗಿ ಎತ್ತಿ ಏರುತ್ತಿದ್ದಾಗಲೇ ಎಂಜಿನ್ ಕೈಕೊಟ್ಟಿತು. ಎತ್ತರ ಹತ್ತು ಮೀಟರಿನಷ್ಟು. ಮಾಮೂಲಿ ವಿಮಾನ ಆಗಿದ್ದರೆ ಮೂತಿ ಮುಂದಾಗಿ ಬೀಳಬೇಕು, 1919ರ ಬಾಂಬರ್ ಬಿದ್ದ ಹಾಗೆ. ಇದು ಮೆಲ್ಲಗೆ ಇಳಿದು ಕೂತಿತು, ಯಾರಿಗೂ ಏಟಾಗಲಿಲ್ಲ. ಯಂತ್ರ ಕಟ್ಟಿದ್ದೇ ಇದಕ್ಕೆ ತಾನೇ?

ನಾನೂ ಮೋಟರ್ ನಿಲ್ಲಿಸಿ ನೋಡಿದೆ. ಮರದೆತ್ತರದಲ್ಲಿ ಥ್ರಾಟಲ್ ಸೊನ್ನೆಗೆ ತಂದು, ಮೂತಿ ಎತ್ತಿ ಹಿಡಿದೆ. ಮಾಡೆಲ್ ಗಾಳಿಯಲ್ಲಿ ನಿಂತೇಬಿಟ್ಟಿತು, ಆಮೇಲೆ ಹೆಚ್ಚುಕಡಿಮೆ ನೇರ ಕೆಳಗೆ ಇಳಿಯಿತು. ರೋಟರ್ ನಿಲ್ಲಲಿಲ್ಲ, ನಿಧಾನವೂ ಆಗಲಿಲ್ಲ, ಈಗ ಗಾಳಿ ನೇರ ಕೆಳಗಿನಿಂದ ಬರುತ್ತಿತ್ತಲ್ಲ. ಆದರೆ ಇಳಿಯುವುದು ಹೂವಿನಂತೇನಲ್ಲ. ನೆಲ ಮುಟ್ಟುವ ಮೊದಲು ಸ್ವಲ್ಪ ಮುಂದಿನ ವೇಗ ಇಟ್ಟುಕೊಂಡು, ಕೊನೆಗೆ ಮೂತಿ ಎತ್ತಿದರೆ ಮಾತ್ರ ಮೆತ್ತಗೆ ಕೂರುತ್ತದೆ. ನೇರವಾಗಿ ಇಳಿಸಿದಾಗ ಚಕ್ರದ 2 ಮಿಲಿಮೀಟರ್ ತಂತಿ ಕಾಲು ಚಪ್ಪಟೆಯಾಯಿತು. ಈಗ 3 ಮಿಲಿಮೀಟರಿನದು ಹಾಕಿದ್ದೇನೆ. ಸಿಯೆರ್ವಾನ ಯಂತ್ರಗಳ ಕಾಲುಗಳು ಬರಬರುತ್ತಾ ಯಾಕೆ ಅಷ್ಟು ಅಗಲ, ಅಷ್ಟು ಉದ್ದ ಆದವು ಅಂತ ಇನ್ನು ಕೇಳಬೇಕಿಲ್ಲ.

ಇನ್ನೊಂದು ತೊಂದರೆಯೂ ಸಿ.4ರದ್ದೇ. ಮೊದಲು ಸಿಯೆರ್ವಾ ರೋಟರನ್ನೇ ಎಡಬಲಕ್ಕೆ ವಾಲಿಸಿ ತಿರುಗಲು ನೋಡಿದ. ಕೈಯ ಬಲಕ್ಕೆ ಅದು ಬಗ್ಗಲಿಲ್ಲ. ಅದನ್ನು ಬಿಟ್ಟು ಬಾಡಿಯ ಪಕ್ಕಕ್ಕೆ ಕೋಲು ಚಾಚಿ ಅದರ ತುದಿಗೆ ಎಲೆರಾನ್ ಕಟ್ಟಿದ, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಆಡುವ ಹಲಗೆ. ನಾನೂ ಹಾಗೇ ಕಟ್ಟಿದ್ದೇನೆ. ವೇಗ ಇದ್ದಾಗ ಕೆಲಸ ಮಾಡುತ್ತವೆ. ನಿಧಾನವಾದರೆ ಅವಕ್ಕೆ ಗಾಳಿಯೇ ಸಿಗುವುದಿಲ್ಲ, ಸ್ಟಿಕ್ ಎತ್ತ ಒತ್ತಿದರೂ ಅಷ್ಟೇ. ಆಟೋಜೈರೊದ ಗುಣವೇ ನಿಧಾನ ಹಾರುವುದು, ನಿಧಾನ ಹಾರಿದರೆ ಹಿಡಿತ ಇಲ್ಲ! ಸಿಯೆರ್ವಾ ಈ ಎಲೆರಾನ್ ಜೊತೆಗೇ ಸುಮಾರು ಹತ್ತು ವರ್ಷ ಬಾಳಿದ. 1924ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ಲೊರಿಗಾ ಕ್ವಾತ್ರೊ ವಿಯೆಂತೋಸ್‌ನಿಂದ ಹೆತಾಫೆಗೆ ಹಾರಿದ್ದು ಹೀಗೇ. 1928ರ ಸೆಪ್ಟೆಂಬರಿನಲ್ಲಿ ಸಿಯೆರ್ವಾ ತಾನೇ ಸಿ.8ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದೂ ಹೀಗೇ. 1930ರ ದಶಕದಲ್ಲಿ ಹಬ್ಬನ್ನೇ ಸ್ಟಿಕ್ಕಿಗೆ ಜೋಡಿಸಿ ವಾಲಿಸುವ ವ್ಯವಸ್ಥೆ ಬಂದು, ಸಿ.30ರಲ್ಲಿ ಎಲೆರಾನ್, ಗಿಡ್ಡ ರೆಕ್ಕೆ ಎಲ್ಲ ಮಾಯವಾದವು.

ಹಾಗಾಗಿ ಮುಂದಿನ ಹಬ್ ಸಿ.30ರ ಥರ. ಕಂಬದ ನೆತ್ತಿಗೆ ಬಾಲ್ ಜಾಯಿಂಟ್, ಅದನ್ನು ವಾಲಿಸಲು ಎರಡು ಮೆಟಲ್ ಗೇರ್ ಸರ್ವೊ, ರಿಮೋಟಿನ ಮಾತು ಕೇಳಿ ತಿರುಗುವ ಪುಟ್ಟ ಮೋಟರ್. ಪ್ಲಾಸ್ಟಿಕ್ ಗೇರಿನ ಸರ್ವೊ ಬೇಡ, ರೋಟರಿನ ನಡುಕಕ್ಕೆ ಹಲ್ಲು ಉದುರುತ್ತದೆ ಅಂತ ಈ ಥರದ್ದು ಹಾರಿಸುವವರೆಲ್ಲ ಹೇಳುತ್ತಾರೆ. ಹಿಂಜ್ ಮತ್ತು ಬ್ಲೇಡು ಹಳೆಯವೇ. ಗಟ್ಟಿ ಹಬ್ಬನ್ನು ಎಸೆಯುವುದಿಲ್ಲ. ನೋಡಲು ಬಂದ ಮಕ್ಕಳ ಕೈಗೆ ಮೊದಲು ಕೊಡುವುದು ಅದನ್ನೇ, ಫ್ಯಾನಿನ ಮುಂದೆ ಹಿಡಿ ಅಂತ.